ಅಮ್ಮನ ಜೊತೆ ಕೂತು ನೋಡಲು: ‘ಮಮ್’ ಮತ್ತು ‘ಡೆಡ್ ಟು ಮಿ’

ಅಪ್ಪ ತೀರಿಕೊಂಡ ವರ್ಷ ರಾತ್ರಿ ಊಟದ ನಂತರದ ಅರ್ಧ ಗಂಟೆ ಕಳೆಯುವುದೇ ಕಷ್ಟವಾಗಿತ್ತು. ಅಮ್ಮನೊಂದಿಗೆ ನೋಡಲೆಂದು ಎರಡು ಧಾರಾವಾಹಿ ಹಿಡಿದೆ. ಎರಡರಲ್ಲೂ ಗಂಡನನ್ನು ಕಳೆದುಕೊಂಡವಳೇ ನಾಯಕಿ, ಎರಡರಲ್ಲೂ ನಗು ಉಂಟು. ಈಗ ಮನೆಯಲ್ಲಿ ಉಳಿದಿರುವುದು ಬಿಬಿಸಿಯ ‘ಮಮ್’ ಒಂದೇ.

ಅದು ಶುರುವಾಗುವುದೇ ಡೇವ್‌ನ ಅಂತ್ಯಕ್ರಿಯೆಯ ದಿನ. ಹೆಂಡತಿ ಕ್ಯಾಥಿ ಹೊರಡುವ ಸಿದ್ಧತೆಯಲ್ಲಿದ್ದರೆ, ಮಗ ತನ್ನ ಹೊಸ ಗೆಳತಿಯನ್ನು ತೋರಿಸಲು ಅದೇ ಹೊತ್ತಿಗೆ ಕರೆತರುತ್ತಾನೆ. ಕ್ಯಾಥಿಯ ಸಹೋದರನ ಸಂಗಾತಿ ಪಾಲೀನ್‌ಗೆ ಆ ಮನೆಯ ಯಾವುದೂ ತನ್ನ ಅಂತಸ್ತಿಗೆ ತಕ್ಕದ್ದಲ್ಲ. ಸಾಲದ್ದಕ್ಕೆ ಅತ್ತೆ ಮಾವನ ಗೊಣಗಾಟ. ಕ್ಯಾಥಿಯಾಗಿ ನಟಿಸಿರುವ ಲೆಸ್ಲಿ ಮ್ಯಾನ್ವಿಲ್ ಏನೂ ಹೇಳದೆ ಎಲ್ಲರಿಗೂ ಚಹಾ ಮಾಡಿಕೊಡುತ್ತಾಳೆ. ವೈಕುಂಠ ಸಮಾರಾಧನೆಯ ದಿನ ಹೋಳಿಗೆ ದಪ್ಪವಾಯಿತೆಂದು ಮುನಿಸಿಕೊಂಡ ನಮ್ಮ ಸೋದರತ್ತೆ ನೆನಪಾದರು. ಅಮ್ಮನಿಗೂ ನೆನಪಾಗಿರಬೇಕು, ಅಷ್ಟು ದಿನಗಳಲ್ಲಿ ಮೊದಲ ಸಲ ಜೋರಾಗಿ ನಕ್ಕಳು.

‘ಡೆಡ್ ಟು ಮಿ’ ಕೆಟ್ಟದ್ದಲ್ಲ. ಕ್ರಿಸ್ಟಿನಾ ಆಪಲ್‌ಗೇಟ್‌ಳ ಸಿಟ್ಟು ನನಗೆ ಹಿಡಿಸಿತು. ಆದರೆ ಅವಳ ಬೈಗುಳಗಳನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವುದು ಹೇಗೆ? ಮೇಲಾಗಿ ಪ್ರತಿ ಕಂತೂ ಒಂದು ಗುಟ್ಟು ಬಿಚ್ಚಿ ಇನ್ನೊಂದನ್ನು ಕಟ್ಟಿ ಮುಗಿಯುತ್ತದೆ. ಒಂಬತ್ತೂವರೆಗೆ ಮಲಗುವ ಅಮ್ಮ ಹನ್ನೊಂದರವರೆಗೆ ಕೂತಳು, ಮರುದಿನ ತಲೆನೋವು. ಹತ್ತನೆಯ ಕಂತಿಗೆ ನಿಲ್ಲಿಸಿದೆವು. ಅದು ಬರುವ ನೆಟ್‌ಫ್ಲಿಕ್ಸ್‌ನ ಚಂದಾ ಮುಗಿದಾಗ ಮತ್ತೆ ಕಟ್ಟಲಿಲ್ಲ.

(ರಿಕಿ ಜರ್ವೇಸ್‌ನ ‘ಆಫ್ಟರ್ ಲೈಫ್’ ಕೂಡ ನೋಡಿದೆ. ಹೆಂಡತಿ ಸತ್ತವನಿಗೆ ಊರನ್ನೆಲ್ಲ ಬೈಯುವ ಹಕ್ಕು ಸಿಗುತ್ತದೆ, ಗಂಡ ಸತ್ತವಳ ಪಾಲಿಗೆ ಚಹಾದ ಕೆಲಸ.)

‘ಮಮ್’ನ ತಾಪತ್ರಯ ಬೇರೆ. ತಂಗಿ ಇಂಗ್ಲೆಂಡಿನಿಂದ ಮೂರೂ ಸರಣಿಗಳ ಡಿವಿಡಿ ತಂದುಕೊಟ್ಟಳು. ಪ್ಲೇಯರ್ ಅದನ್ನು ಒಪ್ಪಲೇ ಇಲ್ಲ. ಡಿವಿಡಿಗಳಿಗಾಗಿ ಭೂಮಿಯನ್ನು ವಲಯಗಳಾಗಿ ಹಂಚಿದ್ದಾರೆ: ಬ್ರಿಟನ್ 2, ಭಾರತ 5. ನಾವು ದುಡ್ಡು ಕೊಟ್ಟು ಕೊಂಡ ತಟ್ಟೆ ನಮ್ಮ ಮನೆಯಲ್ಲೇ ತಿರುಗುವುದಿಲ್ಲ!

ಲ್ಯಾಪ್‌ಟಾಪ್‌ಗೆ ಜೋಡಿಸುವ ಡ್ರೈವ್ ಮಾತ್ರ, ವಲಯ ಬದಲಿಸಲೇ ಎಂದು ಕೇಳಿತು. ಬದಲಿಸಬಹುದು, ಆದರೆ ಐದೇ ಬಾರಿ, ಕೊನೆಯದು ಶಾಶ್ವತ. ಒಮ್ಮೆ ಬದಲಿಸಿದೆ. ವಾರದ ಮೇಲೆ ತಮ್ಮ ಇಲ್ಲಿಯದೇ ಒಂದು ಡಿವಿಡಿ ಹಾಕಿ, ಕೇಳಿದ್ದಕ್ಕೆಲ್ಲ ಓದದೆ ‘ಸರಿ’ ಒತ್ತಿದ. ಮತ್ತೆ 2ಕ್ಕೆ ತರುವಷ್ಟರಲ್ಲಿ ಮೂರು ಅವಕಾಶ ಕರಗಿದ್ದವು. ಈಗ ಡ್ರೈವಿನ ಮೇಲೆ ‘ಮುಟ್ಟಬೇಡ’ ಎಂಬ ಚೀಟಿ ಅಂಟಿಸಿದ್ದೇನೆ.

ಇಷ್ಟಾದರೂ ನನ್ನ ಮತ ಇದಕ್ಕೇ. ಒಟ್ಟು 18 ಕಂತು, ಅರ್ಧರ್ಧ ಗಂಟೆ, ತಿಂಗಳ ಖರ್ಚಿಲ್ಲ. ಮಾತು ಕಡಿಮೆ ಇರುವುದರಿಂದ ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳುವುದೂ ಸುಲಭ. ಒಂದನ್ನು ನಾನು ಹೇಳಬೇಕಾಗಲೇ ಇಲ್ಲ. ಡೇವ್‌ನ ಗೆಳೆಯ ಮೈಕೆಲ್ ಏನೋ ಹೇಳಲು ಬಂದು ನುಂಗಿಕೊಂಡಾಗ, “ಪಾಪ, ಅವನಿಗೆ ಅವಳೆಂದರೆ ಇಷ್ಟ ಕಣೋ” ಎಂದಳು ಅಮ್ಮ. ಎದ್ದು ಲೋಟಗಳನ್ನು ತೊಳೆಯಲು ಹೋದಳು.