ಹೈಲೋಮಾರ್ ಬ್ಲೂ: ಅಂಬಾಸಿಡರ್ ಎಂಜಿನ್ನಿನ ಸೋರಿಕೆಗೆ ಎಷ್ಟು ಮದ್ದು?

ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ ಬಿಚ್ಚಿ ಕಟ್ಟುವವರಿಗೆ ಹೈಲೋಮಾರ್ ಬ್ಲೂ ಒಳ್ಳೆಯ ಪೇಸ್ಟು; ಭಾಗಗಳು ಕೂಡುವಲ್ಲಿ ಆಯಿಲ್ ಸೋರದಂತೆ ಸವರುವಂಥದ್ದು. ಗಟ್ಟಿಯಾಗುವುದಿಲ್ಲ, ಮುಂದೆ ಬಿಚ್ಚುವಾಗ ಕೆರೆಯುವ ಪಾಡಿಲ್ಲ, ಅಸಿಟೋನ್ ಹಾಕಿ ಒರೆಸಿದರೆ ಸಾಕು. ಕೂಡುವ ಎರಡೂ ಮುಖಗಳ ಎಣ್ಣೆ ಪಸೆ ತೆಗೆದು ತೆಳ್ಳಗೆ ಸವರಿ, 10 ನಿಮಿಷ ಬಿಟ್ಟು ಕೂರಿಸಿ. ದಪ್ಪಗೆ ಬಳಿದರೆ ಒಳಕ್ಕೆ ಹಿಂಡಿ ಬಂದು ಆಯಿಲ್ ಪಂಪಿನ ಜಾಲರಿ ಸೇರೀತು.

ಆದರೆ ಸೊಟ್ಟ ಸಂಪನ್ನು, ಅಂದರೆ ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯನ್ನು, ಇದು ನೇರ ಮಾಡದು. ಬೋಲ್ಟ್ ತೂತುಗಳ ಸುತ್ತ ಉಬ್ಬಿದ ತಗಡನ್ನು ಮರದ ತುಂಡಿನ ಮೇಲಿಟ್ಟು ತಟ್ಟಿ ಮಟ್ಟ ಮಾಡಲೇಬೇಕು. ಟ್ಯಾಪೆಟ್ ಮುಚ್ಚಳದ ಕೆಳಗೆ ಸೋರದಂತೆ ಇಡುವ ಕಾರ್ಕ್ ಗ್ಯಾಸ್ಕೆಟ್ ಅತಿಯಾಗಿ ಬಿಗಿದರೆ ಬಿರಿಯುತ್ತದೆ, ತಪ್ಪು ಪೇಸ್ಟಿನದಲ್ಲ. ಇನ್ನು ಕ್ರ್ಯಾಂಕ್‌ನ ಹಿಂತುದಿಯಲ್ಲಿ ರಬ್ಬರ್ ಸೀಲೇ ಇಲ್ಲ, ಆಯಿಲನ್ನು ಒಳಕ್ಕೆ ತಳ್ಳುವ ಸುರುಳಿ ಗೀರು ಮಾತ್ರ. ಎಂಜಿನ್ ಒಳಗಿನ ಒತ್ತಡ ಹೊರಬಿಡುವ ಬ್ರೀದರ್ ಕಟ್ಟಿಕೊಂಡಿದ್ದರೆ ಅಲ್ಲಿಂದ ಕ್ಲಚ್ ಕಡೆಗೆ ಸೋರುವುದನ್ನು ಯಾವ ಪೇಸ್ಟೂ ತಡೆಯದು.