ಹುಬ್ಬಳ್ಳಿಯ ‘ಉಚಿತ’ ವಿದೇಶ ಶಿಕ್ಷಣ ಸಲಹೆ: ಐದಕ್ಕೆ ಎರಡೂವರೆ

ಶಿರಸಿ ಹತ್ತಿರದ ಹೈಸ್ಕೂಲಿನಲ್ಲಿ ಆರು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ. ಕನ್ನಡ ಮಾಧ್ಯಮದ ಮಕ್ಕಳು. ಪಾಠವನ್ನು ಗಡಗಡ ಓದುತ್ತಾರೆ, ಓದಿದ್ದು ಏನೆಂದು ಕೇಳಿದರೆ ನೆಲ ನೋಡುತ್ತಾರೆ. ಇದಕ್ಕೆ ಮದ್ದು ಹುಡುಕಬೇಕೆಂದೇ ಇಂಗ್ಲಿಷ್ ಬೋಧನೆಯಲ್ಲಿ ಎಂ.ಎ. ಮಾಡುವ ಆಸೆ ಹುಟ್ಟಿದ್ದು. ಕಳೆದ ಜನವರಿಯಲ್ಲಿ ಮುಂಡಗೋಡ ಹಾದಿಯ ಬಸ್ಸಿನಲ್ಲಿ ಮೂರು ತಾಸು ಕುಲುಕಾಡಿ ಹುಬ್ಬಳ್ಳಿಯ ಕನ್ಸಲ್ಟೆನ್ಸಿಯೊಂದಕ್ಕೆ ಹೋದೆ. ಹೆಸರು ಬರೆಯುವುದಿಲ್ಲ.

ಚಹಾ ಕೊಟ್ಟರು, ಚೆನ್ನಾಗಿ ಮಾತಾಡಿಸಿದರು. ಕಾಲು ತಾಸಿನಲ್ಲಿ ಬ್ರಿಟನ್ನಿನ ನಾಲ್ಕು ವಿಶ್ವವಿದ್ಯಾಲಯಗಳ ಪಟ್ಟಿ ಕೈಯಲ್ಲಿತ್ತು. “ಕ್ಲಾಸಿನಲ್ಲಿ ನಿಂತು ಪಾಠ ಮಾಡುವ ಅಭ್ಯಾಸ ಇವುಗಳಲ್ಲಿ ಯಾವುದರಲ್ಲಿದೆ?” ಎಂದು ಕೇಳಿದೆ. “ಎಲ್ಲಾದ್ರಾಗೂ ಇರ್ತೈತ್ರಿ ಮೇಡಂ” ಎಂದಳು ಅಲ್ಲಿನ ಸಲಹೆಗಾರ ಹುಡುಗಿ. ವಾಪಸ್ ಬರುವಾಗ ಬಸ್ಸಿನಲ್ಲೇ ಮೊಬೈಲಿನಲ್ಲಿ ನೋಡಿದೆ: ಎರಡರಲ್ಲಿ ಅದರ ಸುದ್ದಿಯೇ ಇಲ್ಲ. ಮತ್ತೊಂದು, ಪಾಠ ಮಾಡಿಯೇ ಗೊತ್ತಿಲ್ಲದವರಿಗೆಂದು ಇರುವ ಕೋರ್ಸು. ಟೆಸಾಲ್, ಅಂದರೆ ಇಂಗ್ಲಿಷ್ ಮನೆಮಾತಲ್ಲದವರಿಗೆ ಇಂಗ್ಲಿಷ್ ಕಲಿಸುವುದರ ಎಂ.ಎ.ಗಳಲ್ಲಿ ಹೊಸಬರಿಗೆ ಬೇರೆ, ಎರಡು ವರ್ಷವಾದರೂ ಕಲಿಸಿದ ಶಿಕ್ಷಕರಿಗೆ ಬೇರೆ ಎಂಬ ಭೇದ ಹಲವು ಕಡೆ ಇದೆ. ನನ್ನ ಆರು ವರ್ಷವನ್ನು ಅವರು ಫಾರ್ಮಿನಲ್ಲಿ ತುಂಬಿದ್ದರು, ಅಷ್ಟೇ.

ಸಲಹೆ ಉಚಿತ ಯಾಕೆಂದರೆ, ವಿದ್ಯಾರ್ಥಿ ಸೇರಿದ ಮೇಲೆ ವಿಶ್ವವಿದ್ಯಾಲಯ ಏಜೆಂಟರಿಗೆ ಕಮಿಷನ್ ಕೊಡುತ್ತದೆ. ಅದೇನೂ ಗುಟ್ಟಲ್ಲ, ತಪ್ಪೂ ಅಲ್ಲ. ಆದರೆ ಕಮಿಷನ್ ಇಲ್ಲದ ದಾರಿಗಳು ಆ ಮೇಜಿನ ಮೇಲೆ ಬರುವುದೇ ಇಲ್ಲ. 1958ರಲ್ಲಿ ಶುರುವಾಗಿ ಈಗ ಕೇಂದ್ರೀಯ ವಿಶ್ವವಿದ್ಯಾಲಯವಾಗಿರುವ ಹೈದರಾಬಾದಿನ ಇಫ್ಲುವಿನ (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ಹೆಸರು ಎತ್ತಿದರೆ “ಅದು ಇಂಡಿಯಾದಾಗ ಐತಲ್ರಿ” ಎಂಬ ಉತ್ತರ. ಇಂಗ್ಲಿಷ್ ಬೋಧನೆಯನ್ನೇ ಅಲ್ಲಿ ದೂರಶಿಕ್ಷಣದಲ್ಲೂ ಕಲಿಯಬಹುದು, ಕೆಲಸ ಬಿಡಬೇಕಿಲ್ಲ.

ಇನ್ನು ದುಡ್ಡಿನ ಕಥೆ. ಶುಲ್ಕವೇ 20 ಸಾವಿರ ಪೌಂಡಿನ ಮೇಲೆ. “ಲೋನ್ ಆರಾಮ್ ಆಗ್ತೈತ್ರಿ” ಎಂದು ತಮ್ಮ ಪರಿಚಯದ ಬ್ಯಾಂಕಿಗೇ ಕಳಿಸಿದರು. ಏಳೂವರೆ ಲಕ್ಷ ದಾಟಿದರೆ ಅಡಮಾನ ಬೇಕು, ವಿದೇಶದ ಓದಿಗೆ ಖರ್ಚಿನ ಶೇ. 15 ನಮ್ಮ ಕೈಯಿಂದ. ನಮ್ಮದು ಎರಡೆಕರೆ ಅಡಿಕೆ ತೋಟ. ಅಪ್ಪಯ್ಯ ಪಹಣಿ ಹಿಡಿದು ಜಂಬದಿಂದ ಬಂದಿದ್ದರು. ಮ್ಯಾನೇಜರು ಅದನ್ನು ತಿರುಗಿಸಿಯೂ ನೋಡಲಿಲ್ಲ: “ತೋಟ ಬ್ಯಾಡ್ರಿ, ಎನ್‌ಎ ಆದ ಸೈಟ್ ಐತೇನ್ರಿ?” ಅಂದರೆ ಕೃಷಿಯೇತರ ಎಂದು ಪರಿವರ್ತನೆಯಾದ ಜಾಗ. ಕಾರಣ ಇಷ್ಟೆ: ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಬಲ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ತೋಟಕ್ಕೆ ಸೊಪ್ಪು ತರುವ ಕಾಡು, ಸೊಪ್ಪಿನ ಬೆಟ್ಟವಂತೂ ಅನುಭೋಗಕ್ಕೆ ಮಾತ್ರ ನಮ್ಮದು. ಶಿರಸಿ ಸೀಮೆಯ ಎಷ್ಟೋ ಮನೆಗಳ ಆಸ್ತಿ ಇದೇ ಬಗೆಯದು. ಇಷ್ಟನ್ನು ಮೊದಲ ದಿನವೇ ಕೇಳಬಹುದಿತ್ತಲ್ಲ!

ಸಾಲವಿಲ್ಲದೆ ಸ್ವಂತ ದುಡ್ಡು ತೋರಿಸುವುದಾದರೆ, ವೀಸಾಕ್ಕೆ ಅದು ಸತತ 28 ದಿನ ಖಾತೆಯಲ್ಲಿರಬೇಕು. ಅಡಿಕೆ ದುಡ್ಡು ಸೊಸೈಟಿಯ ಬೆಳೆಸಾಲಕ್ಕೆ ಹೋಗದೆ 28 ದಿನ ಕೂತಿದ್ದನ್ನು ನಮ್ಮನೆಯಲ್ಲಿ ಯಾರೂ ಕಂಡಿಲ್ಲ. ವಾಪಸ್ ಬರುವಾಗ ಅಪ್ಪಯ್ಯ ಒಂದೇ ಮಾತು ಕೇಳಿದ್ದು: “ಇಂಗ್ಲಿಷ್ ಕಲ್ಸಲೆ ಇಂಗ್ಲೆಂಡಿಗೇ ಹೋಗವಾ ಕೂಸೆ?”

ವಿದ್ಯಾರ್ಥಿವೇತನದ ಬಗ್ಗೆ ಅವರು ಹೇಳಿದ್ದು ವಿಶ್ವವಿದ್ಯಾಲಯ ಶುಲ್ಕದಲ್ಲಿ ಬಿಡುವ ಸಣ್ಣ ರಿಯಾಯಿತಿ ಮಾತ್ರ. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನದ ವಿಷಯ ನನಗೆ ತಿಳಿದದ್ದು ನಮ್ಮ ಹೆಡ್‌ಮಾಸ್ಟರರಿಂದ. ಪೂರ್ತಿ ಖರ್ಚು ಸಿಗುತ್ತದೆ, ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿಸಿ ನಮ್ಮ ದೇಶಕ್ಕೆ ಮರಳಿ ಎರಡು ವರ್ಷವಾದರೂ ಇರಬೇಕು. ನಾನಂತೂ ಮರಳುವವಳೇ. ಆದರೆ ಅರ್ಜಿ ಹಿಂದಿನ ವರ್ಷದ ಆಗಸ್ಟ್ ಹೊತ್ತಿಗೇ ತೆರೆದು, ವರ್ಷ ಮುಗಿಯುವ ಮೊದಲೇ ಮುಚ್ಚುತ್ತದೆ. ಜನವರಿಯಲ್ಲಿ ಹೋದ ನನಗೆ ಬಸ್ಸು ತಪ್ಪಿತ್ತು. ಶಾಲೆಯ ಕಪಾಟಿನಲ್ಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟು ಮಾಡಿದ ಹಾರ್ನ್‌ಬಿ ಹೆಸರಿನ ಟ್ರಸ್ಟ್, ನಮ್ಮಂಥ ಶಿಕ್ಷಕರನ್ನು ಬ್ರಿಟನ್ನಿನ ವಾರಿಕ್ ವಿಶ್ವವಿದ್ಯಾಲಯದ ಎಂ.ಎ.ಗೆ ಕಳಿಸಿದ್ದುಂಟು ಎನ್ನುವುದನ್ನೂ ಹೇಳಿದವರು ಹೆಡ್ ಮಾಸ್ಟರರೇ. ದಿನಾ ಆ ನಿಘಂಟಿನ ಧೂಳು ಒರೆಸುವವಳು ನಾನು!

ಹಾಗಾದರೆ ಎರಡೂವರೆ ಯಾಕೆ ಕೊಟ್ಟೆ? ಫೋನ್ ಎತ್ತುತ್ತಾರೆ. ಅಂಕಪಟ್ಟಿ, ಪಾಸ್‌ಪೋರ್ಟ್, ಶಿಫಾರಸು ಪತ್ರ ಎಲ್ಲವನ್ನೂ ಕ್ರಮವಾಗಿ ಜೋಡಿಸಿಕೊಟ್ಟರು. ಆ ಕಡತ ಈಗಲೂ ಉಪಯೋಗಕ್ಕೆ ಬರುತ್ತಿದೆ. ಉದ್ದೇಶಪತ್ರವನ್ನು ಮಾತ್ರ ಅವರ ಕೈಗೆ ಕೊಡಬೇಡಿ. ನನ್ನದರಲ್ಲಿ ಮಕ್ಕಳ ಬಗ್ಗೆ ಬರೆದದ್ದನ್ನೆಲ್ಲ ತೆಗೆದು, ‘ಬಾಲ್ಯದಿಂದಲೂ ನನಗೆ ಜಾಗತಿಕ ಕನಸು’ ಎಂದು ಸೇರಿಸಿದ್ದರು. ನನ್ನ ಬಾಲ್ಯದ ಕನಸು ಮಾರಿಜಾತ್ರೆಯ ತೊಟ್ಟಿಲು ಹತ್ತುವುದಷ್ಟೇ ಆಗಿತ್ತು.

ಈ ಆಗಸ್ಟಿಗೆ ಚೀವ್ನಿಂಗ್ ಅರ್ಜಿ ನಾನೇ ಹಾಕುತ್ತೇನೆ, ಇಫ್ಲುವಿನದ್ದೂ ಜೊತೆಗಿದೆ. ಮೊನ್ನೆ ಕನ್ಸಲ್ಟೆನ್ಸಿಯಿಂದ ಮತ್ತೆ ಫೋನು: “ಮೇಡಂ, ಐರ್ಲೆಂಡ್ ನೋಡೋಣೇನ್ರಿ?” ಅಲ್ಲಿ ಕ್ಲಾಸಿನಲ್ಲಿ ಪಾಠ ಮಾಡುವ ಅಭ್ಯಾಸ ಇದೆಯಾ ಎಂದು ಕೇಳಿದೆ. “ಕೇಳಿ ಹೇಳ್ತೀನ್ರಿ” ಅಂದಿದ್ದಾಳೆ.