ಆರೆಗನ್ ಕರಾವಳಿ: ಕೊಡಗಿನವರ ಲೆಕ್ಕ ತಪ್ಪುವುದು ಎಲ್ಲೆಲ್ಲಿ?

ಹಿಲ್ಸ್‌ಬೊರೊದ ಇಂಟೆಲ್‌ನಲ್ಲಿ ಮಗ, ಬೀವರ್ಟನ್‌ನಲ್ಲಿ ಮಗಳು ಎಂದು ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನಿಂದ ಅಮೆರಿಕದ ಆರೆಗನ್ ರಾಜ್ಯಕ್ಕೆ ಹೋಗುವ ತಂದೆ ತಾಯಿಯರನ್ನು ಮೊದಲ ಶನಿವಾರವೇ ಕಾರಿನಲ್ಲಿ ಕೂರಿಸಿ ಸಮುದ್ರ ತೋರಿಸಲು ಒಯ್ಯುತ್ತಾರೆ. ಪೋರ್ಟ್‌ಲ್ಯಾಂಡ್‌ನಿಂದ ಹೆದ್ದಾರಿ 26 ಹಿಡಿದರೆ ಕ್ಯಾನನ್ ಬೀಚ್ ಸುಮಾರು 130 ಕಿ.ಮೀ., ಒಂದೂವರೆ ಗಂಟೆಯ ದಾರಿ. ಕಾಡು, ಮಂಜು, ಮಳೆ, ತಿರುವು ರಸ್ತೆ... ನಮಗೆ ಇದೇನು ಹೊಸದೇ ಎಂದುಕೊಂಡೇ ಹೊರಡುತ್ತಾರೆ. ಎಡವುವುದು ಅಲ್ಲೇ. ಉಳಿದ ಅಮೆರಿಕನ್ನರು ಬಾಯಿಬಿಟ್ಟು ನೋಡುವ ಸಂಗತಿಗಳು ನಮಗೆ ಮಾಮೂಲು. ನಮಗೆ ಚೆನ್ನಾಗಿ ಗೊತ್ತು ಎಂದುಕೊಂಡದ್ದು ಮಾತ್ರ ಅಲ್ಲಿ ಉಲ್ಟಾ.

ಪೆಟ್ರೋಲ್ ಬಂಕನ್ನೇ ನೋಡಿ. 1951ರಿಂದ 2023ರವರೆಗೆ ಆರೆಗನ್‌ನಲ್ಲಿ ಗಿರಾಕಿ ತಾನೇ ಪೆಟ್ರೋಲ್ ಹಾಕಿಕೊಳ್ಳುವುದಕ್ಕೆ ಕಾನೂನಿನ ತಡೆ ಇತ್ತು. ಬೇರೆ ರಾಜ್ಯದವರಿಗೆ ಇದೊಂದು ದೊಡ್ಡ ತಮಾಷೆ. 2023ರ ಆಗಸ್ಟ್‌ನಲ್ಲಿ ಕಾನೂನು ಸಡಿಲವಾದರೂ ಹೆಚ್ಚಿನ ಕಡೆ ಅರ್ಧದಷ್ಟು ಪಂಪುಗಳಲ್ಲಿ ಹುಡುಗರು ಇರಲೇಬೇಕು, ದರ ಎರಡು ಕಡೆಯೂ ಒಂದೇ. ನಮ್ಮವರು ಸುಮ್ಮನೆ ಹುಡುಗರಿರುವ ಸಾಲಿಗೆ ಹೋಗುವುದು ಒಳ್ಳೆಯದು. ತಾವೇ ಹಾಕಲು ಹೋದರೆ ಕಾರ್ಡ್ ತೂರಿಸಿದ ಕೂಡಲೇ ಪಂಪು ಐದಂಕಿಯ ಜಿಪ್ ಕೋಡ್ ಕೇಳುತ್ತದೆ. ನಮ್ಮ ಆರಂಕಿಯ ಪಿನ್‌ಕೋಡ್ ಅದಕ್ಕೆ ಹಿಡಿಸುವುದಿಲ್ಲ, ಕಾರ್ಡ್ ಚೆನ್ನಾಗಿದ್ದರೂ ವ್ಯವಹಾರ ನಿಂತುಹೋಗುತ್ತದೆ. ಆಗ ಒಳಗೆ ಕೌಂಟರಿಗೆ ಹೋಗಿ ಪಂಪ್ ನಂಬರ್ ಹೇಳಿ ದುಡ್ಡು ಕೊಡಬೇಕು.

ಮಳೆಯ ಕ್ಯಾಲೆಂಡರ್ ಪೂರ್ತಿ ತಿರುಗುಮುರುಗು. ಇಲ್ಲಿ ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ಬಿಡುತ್ತದೆ. ಕಕ್ಕಡದ ತಿಂಗಳಲ್ಲಿ (ಜುಲೈ-ಆಗಸ್ಟ್) ನಾವು ಗಮ್ ಬೂಟು ಹಾಕಿಕೊಂಡಿರುವಾಗ ಅಲ್ಲಿ ಹುಲ್ಲು ಒಣಗಿ ಹಳದಿಯಾಗಿರುತ್ತದೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಅವರ ಮಳೆಗಾಲ. ಮಳೆಯೂರು ಎಂದು ಹೆಸರಾದ ಪೋರ್ಟ್‌ಲ್ಯಾಂಡ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 900 ಮಿ.ಮೀ., ಮಡಿಕೇರಿಯ ಮೂರನೇ ಒಂದು ಪಾಲೂ ಅಲ್ಲ. ಆದರೆ ಅದು ತಿಂಗಳುಗಟ್ಟಲೆ ಜಿನುಗುವ ಮಳೆ. ಕರಾವಳಿಯಲ್ಲಿ ಮಳೆ ಇದಕ್ಕಿಂತ ಬಹಳ ಜಾಸ್ತಿ, ಜೊತೆಗೆ ಗಾಳಿ. ಕೊಡೆ ಐದು ನಿಮಿಷದಲ್ಲಿ ತಿರುಚಿಕೊಳ್ಳುತ್ತದೆ, ಟೋಪಿ ಇರುವ ಜರ್ಕಿನ್ನೇ ಸರಿ. ಕ್ಯಾಸ್ಕೇಡ್ ಬೆಟ್ಟಸಾಲು ದಾಟಿದರೆ ಪೂರ್ವಕ್ಕೆ ರಾಜ್ಯದ ಸುಮಾರು ಮೂರನೇ ಎರಡರಷ್ಟು ಭಾಗ ಒಣನೆಲ. ಭಾಗಮಂಡಲದ ಮಳೆ ಕುಶಾಲನಗರ ತಲುಪುವಷ್ಟರಲ್ಲಿ ಸೋಲುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಹಾಗಾದರೆ ಜುಲೈಯಲ್ಲಿ ಬೀಚಿಗೆ ಹೋದರೆ ಆಯಿತಲ್ಲ ಎಂದರೆ, ಅಲ್ಲೂ ಮೋಸ. ಪೋರ್ಟ್‌ಲ್ಯಾಂಡ್‌ನಲ್ಲಿ 32 ಡಿಗ್ರಿ ಸುಡುವ ಮಧ್ಯಾಹ್ನ ಕ್ಯಾನನ್ ಬೀಚ್‌ನಲ್ಲಿ 17 ಡಿಗ್ರಿ ಮತ್ತು ಮಂಜು ಇರಬಹುದು. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಗಾಳಿ ಮೇಲ್ಮೈ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ, ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಮೇಲೆ ಬರುತ್ತದೆ. ಆದ್ದರಿಂದ ಬಿಸಿಲುಗಾಲದಲ್ಲೂ ನೀರು 10ರಿಂದ 13 ಡಿಗ್ರಿ. ಮಂಗಳೂರು, ಕಣ್ಣೂರಿನ ಕಡಲು ಕಂಡವರು ಪಂಚೆ ಎತ್ತಿ ಇಳಿದರೆ ಎರಡೇ ನಿಮಿಷಕ್ಕೆ ಕಾಲು ಮರಗಟ್ಟುತ್ತದೆ. ಬೀಚು ಎಂಬುದು ಅಲ್ಲಿ ಸ್ನಾನದ ಜಾಗವಲ್ಲ, ಸ್ವೆಟರ್ ಹಾಕಿಕೊಂಡು ನಡೆಯುವ ಜಾಗ.

ನಡೆಯಲಿಕ್ಕಾದರೆ ಅದಕ್ಕೆ ಸಾಟಿ ಕಡಿಮೆ. 363 ಮೈಲಿ ಕರಾವಳಿಯ ಮರಳೆಲ್ಲ ಸಾರ್ವಜನಿಕರಿಗೆ ಮುಕ್ತ. 1913ರಲ್ಲಿ ಗವರ್ನರ್ ಆಸ್ವಾಲ್ಡ್ ವೆಸ್ಟ್ ಕಾಲದಲ್ಲಿ ಒದ್ದೆ ಮರಳನ್ನು ಹೆದ್ದಾರಿ ಎಂದು ಘೋಷಿಸಲಾಯಿತು. ಒಣ ಮರಳಿನ ಮೇಲೆ ಹೋಟೆಲಿನವರು ಬೇಲಿ ಹಾಕಲು ಹೊರಟಾಗ 1967ರಲ್ಲಿ ಗವರ್ನರ್ ಟಾಮ್ ಮೆಕಾಲ್ ಕಾಲದ ಬೀಚ್ ಮಸೂದೆ ಬಂತು. ರೆಸಾರ್ಟಿನ ಗೇಟಿನಾಚೆ ಮಾತ್ರ ಜಲಪಾತ ಕಾಣುವ ನಮ್ಮ ಕೆಲವು ಕಡೆಗಳನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ. ಮರಳು ಪುಕ್ಕಟೆ ಎಂದರೆ ಪಾರ್ಕಿಂಗ್ ಪುಕ್ಕಟೆ ಅಂತಲ್ಲ. ಇಕೋಲಾದಂಥ ಸ್ಟೇಟ್ ಪಾರ್ಕುಗಳಲ್ಲಿ ದಿನದ ಪಾಸ್ ತೆಗೆಯಬೇಕು.

ಕ್ಯಾನನ್ ಬೀಚ್‌ನ ಹೇಸ್ಟ್ಯಾಕ್ ಬಂಡೆ 235 ಅಡಿ ಎತ್ತರ. ಫೋಟೋಕ್ಕೆ ಯಾವಾಗ ಹೋದರೂ ಆಯಿತು. ಬುಡದ ಗುಂಡಿಗಳಲ್ಲಿ ನಕ್ಷತ್ರಮೀನು ನೋಡಬೇಕೆಂದರೆ ಉಬ್ಬರ ಇಳಿತದ ಪಟ್ಟಿ ನೋಡಿ, ಇಳಿತದ ಗಂಟೆಗೆ ಒಂದು ತಾಸು ಮೊದಲು ಅಲ್ಲಿರಬೇಕು, ನೀರು ತಿರುಗಿದ ಕೂಡಲೇ ವಾಪಸ್ಸು ಹೊರಡಬೇಕು. ದಕ್ಷಿಣಕ್ಕೆ ಹಗ್ ಪಾಯಿಂಟ್‌ನಲ್ಲಿ ಬೀಚೇ ರಸ್ತೆಯಾಗಿದ್ದ ಕಾಲಕ್ಕೆ ಬಂಡೆ ಕಡಿದು ಮಾಡಿದ ಗಾಡಿದಾರಿ ಈಗಲೂ ಇದೆ. ಇಳಿತದಲ್ಲಿ ಆರಾಮಾಗಿ ಸುತ್ತಿ ಆಚೆ ಹೋದವರು ಉಬ್ಬರ ಬಂದಾಗ ಸಿಕ್ಕಿಬೀಳುವುದು ಇಲ್ಲೇ. ಇನ್ನೊಂದು ಅಪಾಯ ನಾಟಗಳದ್ದು. ಡಿಪೋದಲ್ಲಿ ಬಿದ್ದಂತೆ ಮರಳಿನ ಮೇಲೆ ಬಿದ್ದಿರುವ ದಪ್ಪ ನಾಟದ ಮೇಲೆ ಕೂರುವುದು ಎಲ್ಲರ ಆಸೆ. ಹೇಳದೆ ಕೇಳದೆ ದೂರದವರೆಗೆ ನುಗ್ಗುವ ಅಲೆಯ ಗೇಣುದ್ದದ ನೀರು ಸಾಕು, ಟನ್ನುಗಟ್ಟಲೆ ತೂಕದ ನಾಟ ಹೊರಳಿ ಮೈಮೇಲೆ ಬರಲು. ಕಡಲಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬಾರದು.

ರಸ್ತೆ ಬದಿಯಲ್ಲಿ ನೀಲಿ ಬಿಳಿಯ ಸುನಾಮಿ ಫಲಕಗಳು ಕಾಣುತ್ತವೆ. ಅವು ಅಲಂಕಾರಕ್ಕಲ್ಲ. 1700ರ ಜನವರಿ 26ರಂದು ಈ ತೀರದಾಚೆ ಸುಮಾರು 9ರ ತೀವ್ರತೆಯ ಭೂಕಂಪವಾಗಿ, ಅಲೆ ಜಪಾನಿನವರೆಗೂ ಹೋಗಿತ್ತು. ನೆಲ ಜೋರಾಗಿ ನಡುಗಿದರೆ ಸೈರನ್‌ಗೆ ಕಾಯದೆ, ಕಾರು ಹುಡುಕದೆ ಎತ್ತರಕ್ಕೆ ನಡೆಯಬೇಕು. 2018ರ ಭೂಕುಸಿತದ ನಂತರ ನಮಗೆ ಗುಡ್ಡ ಎಂದರೆ ಎದೆ ಡವಡವ. ಅಲ್ಲಿ ಗುಡ್ಡವೇ ಆಸರೆ.

ಅಂಗಡಿಯ ವಿಷಯ. ರಾಜ್ಯದಲ್ಲಿ ಮಾರಾಟ ತೆರಿಗೆ ಇಲ್ಲ, ಚೀಟಿಯ ಮೇಲಿನ ಬೆಲೆಯೇ ಬೆಲೆ. (ಯಾಹಾಟ್ಸ್‌ನಂಥ ಒಂದೆರಡು ಊರುಗಳಲ್ಲಿ ಹೋಟೆಲ್ ಊಟಕ್ಕೆ ತೆರಿಗೆ ಇದೆ, ರೂಮಿನ ಬಾಡಿಗೆಗೆ ಎಲ್ಲೆಡೆ ಇದೆ.) ಆದರೂ 24 ನೀರಿನ ಬಾಟಲಿಯ ಕಟ್ಟು ತಂದರೆ ಬಿಲ್ಲಿನಲ್ಲಿ 2 ಡಾಲರ್ 40 ಸೆಂಟ್ ಹೆಚ್ಚು ಬಂದಿರುತ್ತದೆ. ಅದು ಬಾಟಲಿಗೆ 10 ಸೆಂಟಿನ ಠೇವಣಿ, 1971ರ ಕಾನೂನಿನದ್ದು. ಖಾಲಿ ಬಾಟಲಿಯನ್ನು ಯಂತ್ರಕ್ಕೆ ಹಾಕಿದರೆ ದುಡ್ಡು ವಾಪಸ್. ನಜ್ಜುಗುಜ್ಜು ಮಾಡಿದರೆ, ಲೇಬಲ್ ಕಿತ್ತರೆ ಯಂತ್ರ ಓದುವುದಿಲ್ಲ.

ಟಿಲ್ಲಮೂಕ್‌ನ ಚೀಸ್ ಕಾರ್ಖಾನೆ 1909ರಿಂದ ಇರುವ ರೈತರ ಸಹಕಾರ ಸಂಘದ್ದು. ಗಾಜಿನಾಚೆ ಚೀಸ್ ಕತ್ತರಿಸುವುದನ್ನು ನೋಡಲು ಹತ್ತು ನಿಮಿಷ ಸಾಕು, ಐಸ್‌ಕ್ರೀಮಿನ ಸರದಿ ವಾರಾಂತ್ಯದಲ್ಲಿ ಅದರ ಮೂರು ಪಟ್ಟು.

ಆ ಹೊತ್ತನ್ನು ಏಡಿಗೆ ಕೊಡುವುದು ಲೇಸು. ಕರಾವಳಿಯ ನಿಜವಾದ ಲಾಭ ಡಂಜನೆಸ್ ಏಡಿ. ಗ್ಯಾರಿಬಾಲ್ಡಿ, ನ್ಯೂಪೋರ್ಟ್‌ಗಳಲ್ಲಿ ಕಟ್ಟೆಯ ಮೇಲಿಂದಲೇ ಬಲೆ ಇಳಿಸಬಹುದು, ಬಲೆ ಬಾಡಿಗೆಗೂ ಸಿಗುತ್ತದೆ. ಗದ್ದೆಯ ಏಡಿ ಹಿಡಿದಂತೆ ಸುಮ್ಮನೆ ಕೈ ಹಾಕುವ ಹಾಗಿಲ್ಲ. 12 ವರ್ಷ ದಾಟಿದ ಪ್ರತಿಯೊಬ್ಬರಿಗೂ ಲೈಸೆನ್ಸ್ ಬೇಕು, ಒಬ್ಬರಿಗೆ ಮೂರೇ ಬಲೆ, ದಿನಕ್ಕೆ 12 ಗಂಡು ಏಡಿ. ಮಗುಚಿ ಹೊಟ್ಟೆ ನೋಡಿ: ಬೆರಳಿನಂತೆ ಸಪೂರ ಪಟ್ಟಿ ಇದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು, ಹೆಣ್ಣನ್ನು ನೀರಿಗೆ ಬಿಡಬೇಕು. ಬೆನ್ನಿನ ಚಿಪ್ಪು ಅಡ್ಡಕ್ಕೆ ಐದೂಮುಕ್ಕಾಲು ಇಂಚು ಇರಬೇಕು. ಎರಡು ಬದಿಯ ಚೂಪು ಮುಳ್ಳನ್ನು ಬಿಟ್ಟು, ಅದರ ಮುಂದುಗಡೆ ಅಳೆಯಬೇಕು. ಮುಳ್ಳು ಸೇರಿಸಿ ಅಳೆದು ದಂಡ ಕಟ್ಟುವುದು ಹೊಸಬರ ತಪ್ಪು.

ಮೀನಿನ ತಲೆ ಕಟ್ಟಿದರೆ ಸೀಲ್ ಪ್ರಾಣಿ ಕದ್ದೊಯ್ಯುತ್ತದೆ, ಕೋಳಿಕಾಲು ವಾಸಿ. ಬಳೆಯಾಕಾರದ ಬಲೆ ತಳ ಮುಟ್ಟಿದ ಮೇಲೆ ಚಪ್ಪಟೆಯಾಗಿ ತೆರೆದುಕೊಂಡಿರುವುದರಿಂದ 15-20 ನಿಮಿಷಕ್ಕೊಮ್ಮೆ ಎಳೆಯಬೇಕು, ನಡುವೆ ಕೈ ನಿಲ್ಲಿಸಿದರೆ ಏಡಿ ಹೊರಗೆ. ಜೋರು ಮಳೆಯ ಮರುದಿನ ಹೋಗಿ ಪ್ರಯೋಜನವಿಲ್ಲ, ಹೊಳೆಯ ಸಿಹಿನೀರು ತುಂಬಿ ಏಡಿಗಳು ಹಿನ್ನೀರು ಬಿಟ್ಟು ಕಡಲಿಗೆ ಜಾರಿರುತ್ತವೆ. ಬೇಸಿಗೆಯ ಕೊನೆಗೆ ಸಿಗುವವು ಹೊಸ ಚಿಪ್ಪಿನವು. ಕಾಲು ಅದುಮಿದರೆ ಬಗ್ಗುತ್ತದೆ, ಒಳಗೆ ಬರೀ ನೀರು. ಕೆಲವೊಮ್ಮೆ ಪಾಚಿಯ ವಿಷದಿಂದಾಗಿ ಹಿಡಿಯುವುದನ್ನೇ ನಿಲ್ಲಿಸಿರುತ್ತಾರೆ, ಹೊರಡುವ ಮುಂಚೆ ವಿಚಾರಿಸಿ. ಆ ವಿಷ ಸೇರುವುದು ಕರುಳಿನ ಭಾಗದಲ್ಲಿ. ಹಾಗಾಗಿ ಸಾರಿಗೆ ರುಚಿ ಕೊಡುವ ಹಳದಿ ಭಾಗವನ್ನು, ಎಷ್ಟೇ ಆಸೆಯಾದರೂ, ತೆಗೆದು ಬಿಸಾಡಿಯೇ ಮಸಾಲೆ ಹಾಕಬೇಕು.

ಕಾಫಿ ಬಗ್ಗೆ ಒಂದು ಮಾತು. ಆರೆಗನ್‌ನಲ್ಲಿ ಕಾಫಿ ಬೆಳೆಯುವುದಿಲ್ಲ, ಕಾಫಿ ಗೂಡಂಗಡಿಗಳು ಮಾತ್ರ ದಾರಿಯುದ್ದಕ್ಕೂ. ಹಗುರಾಗಿ ಹುರಿದ, ಚಿಕೋರಿ ಇಲ್ಲದ ಆ ಕಾಫಿ ನಮ್ಮ ನಾಲಿಗೆಗೆ ಹುಳಿ. ಡಾರ್ಕ್ ರೋಸ್ಟ್ ಎಂದು ಕೇಳಿದರೆ ಸ್ವಲ್ಪ ಹತ್ತಿರ ಬರುತ್ತದೆ. ಹುರಿದ ಪುಡಿ ಒಯ್ಯಲು ಅಡ್ಡಿಯಿಲ್ಲ, ಫಿಲ್ಟರ್ ಸಹಿತ ಒಯ್ಯಿರಿ. ಪಂದಿ ಉಪ್ಪಿನಕಾಯಿ, ಒಣಗಿಸಿದ ಮಾಂಸ, ಹಸಿ ಕರಿಬೇವು ವಿಮಾನ ನಿಲ್ದಾಣದಲ್ಲೇ ಕಸದ ಬುಟ್ಟಿಗೆ, ಮುಚ್ಚಿಟ್ಟಿದ್ದರೆ ದಂಡ ಬೇರೆ. ಕಾಚಂಪುಳಿಯ (ನಮ್ಮ ಕಪ್ಪು ಹುಳಿರಸದ) ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಚೆಕ್-ಇನ್ ಪೆಟ್ಟಿಗೆಯಲ್ಲಿಟ್ಟು, ಇದೆ ಎಂದು ಬಾಯಿಬಿಟ್ಟು ಹೇಳಿ. ಏಡಿ ಸಾರಿಗೆ ಬೇಕಾದ ಹುಳಿ ಆ ದೇಶದ ಯಾವ ಅಂಗಡಿಯ ವಿನಿಗರ್‌ನಲ್ಲೂ ಇಲ್ಲ.